ಟ್ಯಾಫ್ ಕಣಿವೆಯ ಹಳಿಯಿಲ್ಲದ ದಾರಿ

ವೇಲ್ಸ್ ದೇಶದ ಟ್ಯಾಫ್ ನದಿಯ ಕಣಿವೆಯಲ್ಲಿ, ಕಾರ್ಡಿಫ್ ನಗರದಿಂದ ಉತ್ತರದ ಬ್ರೆಕನ್ ಪಟ್ಟಣದವರೆಗೆ ಸುಮಾರು 55 ಮೈಲಿಗಳ ಒಂದು ದಾರಿಯುಂಟು. ಬಹುಮಟ್ಟಿಗೆ ಅದು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಮೀಸಲು. ಗುಡ್ಡಗಾಡೆಂದು ಅಂಜಿ ಹೋದ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಅದರ ಸಮತಟ್ಟು. ಕಾರಣ ಸರಳವಾದುದು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರವು ಏರನ್ನು ಸಹಿಸದು. ಆದುದರಿಂದ ಹಿಂದಿನವರು ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ ಹಾದಿಯನ್ನು ಮಟ್ಟಮಾಡಿದರು. ಅವರು ಸಾಗಿಸಬೇಕಾಗಿದ್ದುದು ಕಲ್ಲಿದ್ದಲು ಮತ್ತು ಕಬ್ಬಿಣ. ನಮ್ಮ ಕಾಲುಗಳ ಸುಖ ಅವರ ಎಣಿಕೆಯಲ್ಲಿರಲಿಲ್ಲ.

ಅಬರ್‌ಕನನ್ ಊರಿನ ಮೇಲ್ಗಡೆ ದಾರಿಯು ಇನ್ನೂ ಹಳೆಯದಾದ ಹಳಿಮಾರ್ಗವನ್ನು ಹಿಡಿಯುತ್ತದೆ. ತೂತುಳ್ಳ ಕಲ್ಲಿನ ದಿಮ್ಮಿಗಳು ಅಲ್ಲಿ ಇಂದಿಗೂ ಸಾಲಾಗಿ ಕಾಣುತ್ತವೆ. ನಡುವೆ ಕುದುರೆ ನಡೆಯಬೇಕಾಗಿದ್ದುದರಿಂದ ಅಡ್ಡಪಟ್ಟಿಗಳ ಬದಲು ಬಿಡಿಗಲ್ಲುಗಳ ಮೇಲೆ ಹಳಿಗಳನ್ನು ಕೂರಿಸಿದ್ದರು. 1804ರ ಫೆಬ್ರುವರಿ 21ರಂದು ರಿಚರ್ಡ್ ಟ್ರೆವಿಥಿಕ್‌ನ ಉಗಿಯಂತ್ರವು 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಪೆನಿಡ್ಯಾರೆನ್‌ನಿಂದ ಇಲ್ಲಿಗೆ ಎಳೆದುತಂದಿತು. ಒಂಬತ್ತು ಮೈಲಿಗಳಷ್ಟು ದೂರಕ್ಕೆ ನಾಲ್ಕು ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ಬೀಡುಕಬ್ಬಿಣದ ಹಳಿಗಳು ಅದರ ಭಾರಕ್ಕೆ ಮುರಿದವು. ಕೆಲಸವು ಮತ್ತೆ ಕುದುರೆಗಳ ಪಾಲಾಯಿತು. ಜಗತ್ತಿನ ರೈಲಿಗೆಲ್ಲ ಮೊದಲಾದ ಸ್ಥಳವಿದು. ಇಂದು ಅಲ್ಲಿ ಕೇಳುವುದು ನದಿಯ ಸದ್ದು.

ಇನ್ನೂ ಮೇಲೆ, ಅಬರ್‌ವ್ಯಾನ್ ಹಳ್ಳಿಯನ್ನು ಹಾಯುವಾಗ ಸವಾರಿಯ ಹರ್ಷವು ತಾನಾಗಿಯೇ ಅಡಗಿತು. ಗಣಿಯ ತ್ಯಾಜ್ಯವನ್ನು ಅಲ್ಲಿ ಬೆಟ್ಟದ ಮೇಲೆ ರಾಶಿ ಹಾಕುತ್ತಿದ್ದರು. 1958ರಲ್ಲಿ ತೊಡಗಿದ ಏಳನೆಯ ರಾಶಿಯ ಅಡಿಯಲ್ಲಿ ನೀರಿನ ಒರತೆಗಳಿದ್ದವು. 1966ರ ಅಕ್ಟೋಬರ್ 21ರ ಬೆಳಿಗ್ಗೆ 9.15ರ ವೇಳೆಗೆ ಅದು ಕೆಸರಾಗಿ ಜಾರಿ, ಬಳಕೆ ತಪ್ಪಿದ್ದ ಕಾಲುವೆಯನ್ನೂ ರೈಲಿನ ದಿಬ್ಬವನ್ನೂ ದಾಟಿ, ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆ ಬಿದ್ದಿತು. ಸತ್ತವರು 144 ಮಂದಿ. ಅವರಲ್ಲಿ ಮಕ್ಕಳೇ 116. ಮಧ್ಯಾವಧಿ ರಜೆಗೆ ಕೆಲವೇ ಗಂಟೆಗಳು ಉಳಿದಿದ್ದವು.

1967ರ ವಿಚಾರಣಾ ಮಂಡಲಿಯು ರಾಷ್ಟ್ರೀಯ ಕಲ್ಲಿದ್ದಲು ಮಂಡಲಿಯನ್ನೇ ಹೊಣೆಯೆಂದು ತೀರ್ಮಾನಿಸಿತು. ಆದರೆ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಉಳಿದ ರಾಶಿಗಳನ್ನು ತೆಗೆಯುವ ಖರ್ಚಿಗೆಂದು, ಸಂತ್ರಸ್ತರಿಗಾಗಿ ಜನರು ಕೊಟ್ಟ ನಿಧಿಯಿಂದಲೇ 1,50,000 ಪೌಂಡುಗಳನ್ನು ಪಡೆದರೆಂಬುದನ್ನು ತಿಳಿದಾಗ, ಓದುಗರೇ, ನಿಮಗೂ ನನ್ನಂತೆ ಸಿಟ್ಟು ಬಾರದಿರದು. 1997ರಲ್ಲಿ ಅಷ್ಟನ್ನೇ, ಬಡ್ಡಿಯಿಲ್ಲದೆ, ಹಿಂದಿರುಗಿಸಿದರು.

ಆ ಬೆಟ್ಟ ಈಗ ಹಸುರಾಗಿದೆ. ಗುಡ್ಡದ ಮೈಯಲ್ಲಿ ಮಕ್ಕಳ ಸಮಾಧಿಗಳ ಬಿಳಿಯ ಕಮಾನುಗಳ ಸಾಲು ದೂರದಿಂದಲೇ ಕಾಣುತ್ತದೆ. ತಾವೆಂದಾದರೂ ಆ ಕಡೆ ಹೋದರೆ, ಈ ಸುಗಮವಾದ ದಾರಿಯನ್ನು ಬಿಟ್ಟು ಕೆಳಗಿಳಿಯಿರಿ. ಶಾಲೆಯಿದ್ದ ಜಾಗದಲ್ಲಿ ಒಂದು ಉದ್ಯಾನವಿದೆ.