ಅಜ್ಜಿಯ ಪದ, ತೆರೆಯದ ಬಾಗಿಲು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೀಗಾಗಿ ಊರಿನಲ್ಲಿ ಯಾರ ಮೊಬೈಲು ಕೆಟ್ಟರೂ ಅದು ನನ್ನ ಮುಂದೆ ಬರುತ್ತದೆ. ಕನ್ನಡ ಐಚ್ಛಿಕದ ಹುಡುಗನಿಗೆ ಯಂತ್ರದ ವಿಷಯ ಏನು ಗೊತ್ತೆಂದು ಯಾರೂ ಕೇಳುವುದಿಲ್ಲ! ಆದರೆ ಹೋದ ಬೇಸಗೆಯಲ್ಲಿ ಕೆಡಿಸಿದವನು ನಾನೇ. ಅಜ್ಜಿ ತೀರಿಕೊಳ್ಳುವ ಮೊದಲು ಹಾಡಿದ್ದ ಮೂರು ರಾಗಿ ಬೀಸುವ ಪದಗಳು ನನ್ನ ಪೆನ್‌ಡ್ರೈವಿನಲ್ಲಿದ್ದವು. ಗೆಳೆಯನ ನೋಟ್ಸು ತುಂಬಿಕೊಳ್ಳುವ ಆತುರದಲ್ಲಿ ಅವನ್ನು ಅಳಿಸಿಬಿಟ್ಟೆ.

ಅಳಿಸಿದೊಡನೆ ಹಾಡು ಹೋಗುವುದಿಲ್ಲವೆಂದು ಆಮೇಲೆ ಓದಿ ತಿಳಿದೆ. ಫ್ಯಾಟ್ 32 ಪದ್ಧತಿಯಲ್ಲಿ ಹೆಸರಿನ ಮೊದಲ ಬೈಟಿನ ಜಾಗದಲ್ಲಿ 229 ಎಂಬ ಅಂಕಿ ಕೂರುತ್ತದೆ, ಕಡತವಿದ್ದ ಸ್ಥಳ ಖಾಲಿಯೆಂದು ಲೆಕ್ಕವಾಗುತ್ತದೆ, ಅಷ್ಟೇ. ಅಲ್ಲಿಗೆ ಬೇರೊಂದು ಬಂದು ಕೂರುವವರೆಗೆ ಒಳಗಿನದು ಹಾಗೆಯೇ ಇರುತ್ತದೆ. ಅದನ್ನು ಕಾಣಬೇಕಾದರೆ ಇಡೀ ಡ್ರೈವನ್ನೇ ಒಂದು ಕಡತದಂತೆ ತೆರೆದು ಓದಬೇಕು.

ವಿಂಡೋಸಿನಲ್ಲಿ ಅದಕ್ಕಿರುವ ಫಂಕ್ಷನ್ನಿನ ಹೆಸರು ಕ್ರಿಯೇಟ್‌ಫೈಲ್. ಹೆಸರು ಸೃಷ್ಟಿಯದು, ಕೆಲಸ ಬಹುಪಾಲು ಬಾಗಿಲು ತೆರೆಯುವುದು, ಹೆಸರಿಟ್ಟವರನ್ನೇ ಕೇಳಬೇಕು. ಮೊದಲು ಹಾಡುಗಳಿದ್ದ ಫೋಲ್ಡರಿನ ಹೆಸರು ಕೊಟ್ಟೆ. 5ನೆಯ ನಂಬರಿನ ದೋಷ, ಎಂದರೆ ಪ್ರವೇಶವಿಲ್ಲ. ಫೋಲ್ಡರಿಗೆ 'ಬ್ಯಾಕಪ್ ಸಿಮ್ಯಾಂಟಿಕ್ಸ್' ಎಂಬ ಗುರುತು ಸೇರಿಸಿಕೊಡಬೇಕಂತೆ. ಸೇರಿಸಿದೆ, ತೆರೆಯಿತು, ಆದರೆ ಅಲ್ಲಿ ಸಿಗುವುದು ಬದುಕಿರುವ ಹೆಸರುಗಳು ಮಾತ್ರ. ಆಮೇಲೆ ಡ್ರೈವಿನ ಸರದಿ: ಎರಡು ಹಿಂಗೆರೆ, ಒಂದು ಚುಕ್ಕೆ, ಮತ್ತೊಂದು ಹಿಂಗೆರೆ, 'ಇ' ಅಕ್ಷರ, ಕೋಲನ್. ರೂಢಿಯಂತೆ ಕೊನೆಯಲ್ಲೂ ಒಂದು ಗೆರೆ ಎಳೆದಿದ್ದೆ. ಅದಿದ್ದರೆ ತೆರೆಯುವುದು ಡ್ರೈವಲ್ಲ, ಅದರ ಮೂಲ ಫೋಲ್ಡರು! ಆ ಒಂದು ಗೆರೆ ನನ್ನ ಒಂದು ಇಡೀ ದಿನವನ್ನು ನುಂಗಿತು.

ಗೆರೆ ತೆಗೆದರೂ ಬಾಗಿಲು ತೆರೆಯಲಿಲ್ಲ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಆ ಪಾಸ್‌ವರ್ಡು ಪ್ರಯೋಗಾಲಯದ ಉಪನ್ಯಾಸಕರಲ್ಲಿತ್ತು.

"ಬರೆಯೋ ಅಧಿಕಾರಾನೂ ಕೇಳಿದೀಯೇನಯ್ಯಾ?" ಎಂದರು.

"ಇಲ್ಲ ಸಾರ್, ಓದೋದಕ್ಕೆ ಮಾತ್ರ."

ಪರದೆಯ ಮೇಲಿದ್ದುದನ್ನು ಸಾಲುಸಾಲಾಗಿ ನೋಡಿ, ಪಾಸ್‌ವರ್ಡು ಒತ್ತಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ನಾನು 100 ಬೈಟು ಕೇಳಿದ್ದೆ. 87ನೆಯ ದೋಷ ಬಂತು. "ಚಿಲ್ಲರೆ ಕೊಡೋದಿಲ್ಲ, ಸೆಕ್ಟರಿನ ಲೆಕ್ಕದಲ್ಲೇ ಕೇಳು" ಎಂದು ನಕ್ಕರು. 512 ಕೇಳಿದೆ, ಬಂತು.

ಮೂರರಲ್ಲಿ ಎರಡು ಪದಗಳು ದೊರೆತವು. ಮೂರನೆಯದರ ಜಾಗದಲ್ಲಿ ಅರ್ಥಶಾಸ್ತ್ರದ ನೋಟ್ಸು ಕುಳಿತಿತ್ತು. ರಾತ್ರಿ ಅವ್ವನಿಗೆ ಎರಡನ್ನೂ ಕೇಳಿಸಿ, ನಡೆದುದನ್ನು ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

"ಅದು ಅರ್ಧ ನಂಗೂ ಬತ್ತದೆ. ಬರ್ಕೊ ಮಗ" ಎಂದಳು.