ಒಂದೇ ಸೆಕೆಂಡಿನೊಳಗೆ ಯಾವುದು ಮೊದಲು?

ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್. ಅಷ್ಟು ಚಿಕ್ಕ ಲೆಕ್ಕ ಯಾರಿಗೆ ಬೇಕು ಅನ್ಸುತ್ತೆ ಅಲ್ವಾ? ಆದರೆ ಕಣ್ಣು ಮಿಟುಕಿಸೋದರೊಳಗೆ ಕಂಪ್ಯೂಟರ್ ಎಷ್ಟೋ ಕೆಲಸ ಮುಗಿಸಿರುತ್ತೆ. ಯಾವುದು ಮೊದಲು ಆಯ್ತು, ಯಾವುದು ಆಮೇಲೆ ಅನ್ನೋ ಉತ್ತರ ಎಷ್ಟೋ ಸಲ ಆ ಕೊನೆಯ ಮೂರು ಅಂಕಿಗಳಲ್ಲೇ ಇರುತ್ತೆ. ಗ್ರಾಫ್ ಮಾಡುವಾಗ ನಮಗೆ ಗೊತ್ತಾಗದೆ ಕಳೆದುಹೋಗೋದೂ ಅವೇ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ಒಂದು ರಾತ್ರಿ ಪೇಮೆಂಟ್ ಸೇವೆ ನಿಂತುಹೋಯಿತು. ಮರುದಿನದ ಮೀಟಿಂಗ್‌ನಲ್ಲಿ ತೋರಿಸಿದ ಗ್ರಾಫ್‌ನಲ್ಲಿ ಆ್ಯಪ್ ರೀಸ್ಟಾರ್ಟ್ ಮತ್ತು ಡೇಟಾಬೇಸ್ ಎರರ್ ಎರಡೂ 11:42:07ಕ್ಕೆ ಇದ್ದವು. ಸಮಯ ಒಂದೇ ಆಗಿದ್ದರಿಂದ ಟೂಲ್ ಅವನ್ನು ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿತ್ತು. ರೀಸ್ಟಾರ್ಟ್ ಮೇಲೆ, ಎರರ್ ಕೆಳಗೆ. ನೋಡಿದವರೆಲ್ಲ, ಸಪೋರ್ಟ್ ಟೀಮಿನ ಹುಡುಗಿ ರೀಸ್ಟಾರ್ಟ್ ಮಾಡಿದ್ದಕ್ಕೇ ಎಲ್ಲ ಕೆಟ್ಟಿದ್ದು ಅಂದುಕೊಂಡರು. ಅವಳು ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ.

ಮೀಟಿಂಗ್ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸರ್, ನಾನು ಮಾಡೋಕೆ ಮುಂಚೆನೇ ಎರರ್ ಬಂದಿತ್ತು, ಒಂದ್ಸಲ ನೋಡ್ತೀರಾ?" ಅಂದಳು.

ಮೂಲ ಲಾಗ್ ತೆಗೆದೆ. ಎರರ್ 11:42:07.118ಕ್ಕೆ, ರೀಸ್ಟಾರ್ಟ್ 11:42:07.904ಕ್ಕೆ. ಎರಡೂ ಒಂದೇ ಸರ್ವರಿನ ಲಾಗ್, ಹಾಗಾಗಿ ಗಡಿಯಾರವೂ ಒಂದೇ. 786 ಮಿಲಿಸೆಕೆಂಡ್ ಅಂತರದಲ್ಲಿ ಅವಳು ಹೇಳಿದ್ದೇ ನಿಜ. ವರದಿ ತಿದ್ದಿಸಿದೆವು.

ಅಂಕಿಗಳು ಹೋಗಿದ್ದೆಲ್ಲಿ? ಯಾರೋ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, ಸಮಯ ಚೆನ್ನಾಗಿ ಕಾಣಲಿ ಅಂತ ಸೆಕೆಂಡಿನ ನಂತರದ ಅಂಕಿಗಳನ್ನು ಕತ್ತರಿಸಿ ಸೇವ್ ಮಾಡಿದ್ದರು. ಎಕ್ಸೆಲ್ ಸಿಎಸ್‌ವಿಗೆ ಬರೆಯೋದು ತೆರೆಯ ಮೇಲೆ ಕಾಣೋದನ್ನು. ಕಾಣದ ಮಿಲಿಸೆಕೆಂಡ್ ಅಲ್ಲಿಗೇ ಹೋಯ್ತು.

ಇಂಥ ಜಾಗಗಳು ಇನ್ನೂ ಇವೆ. ಮೈಎಸ್‌ಕ್ಯೂಎಲ್‌ನಲ್ಲಿ ಬರೀ ಡೇಟ್‌ಟೈಮ್ ಅಂತ ಕಾಲಂ ಮಾಡಿದರೆ ಮಿಲಿಸೆಕೆಂಡ್ ಉಳಿಯಲ್ಲ, ಪಕ್ಕದಲ್ಲಿ ಆವರಣ ಹಾಕಿ 3 ಅಂತ ಬರೀಬೇಕು. ಇಲ್ಲದಿದ್ದರೆ ಅದು ಸಾಮಾನ್ಯವಾಗಿ ಹತ್ತಿರದ ಸೆಕೆಂಡಿಗೆ ದುಂಡು ಮಾಡುತ್ತೆ, ರಾತ್ರಿ 23:59:59.9ರ ವ್ಯವಹಾರ ಮರುದಿನದ ಲೆಕ್ಕಕ್ಕೆ ಸೇರುತ್ತೆ. ಇನ್ನು ಯುನಿಕ್ಸ್ ಸಮಯ 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತೆ, ಈಗ ಅದು 10 ಅಂಕಿ. ಜಾವಾಸ್ಕ್ರಿಪ್ಟ್ ಎಣಿಸೋದು ಮಿಲಿಸೆಕೆಂಡ್, 13 ಅಂಕಿ. ಹತ್ತಂಕಿಯ ಸಂಖ್ಯೆಯನ್ನು ನೇರ ಚಾರ್ಟ್ ಲೈಬ್ರರಿಗೆ ಕೊಟ್ಟರೆ ನಿನ್ನೆಯ ಡೇಟಾ 1970ರ ಜನವರಿಯಲ್ಲಿ ಕಾಣಿಸಿಕೊಳ್ಳುತ್ತೆ. ಈ ತಪ್ಪು ಎದ್ದು ಕಾಣೋದರಿಂದ ಬೇಗ ಸಿಗುತ್ತೆ. ಕಾಣದೆ ಕರಗೋ ಮೂರು ಅಂಕಿಗಳದ್ದೇ ಕಷ್ಟ.

ಹಾಗಂತ ಮೂರು ದಶಮಾಂಶ ಇದ್ದ ಮಾತ್ರಕ್ಕೆ ನಂಬಬೇಕಿಲ್ಲ. ಎರಡು ಬೇರೆ ಸರ್ವರುಗಳ ಗಡಿಯಾರ ಕೆಲವು ಮಿಲಿಸೆಕೆಂಡ್ ಹಿಂದೆಮುಂದೆ ಇರೋದು ಮಾಮೂಲು. ಅಲ್ಲಿ 5 ಮಿಲಿಸೆಕೆಂಡಿನ ವ್ಯತ್ಯಾಸ ಹಿಡಿದು ತೀರ್ಪು ಕೊಡೋಕಾಗಲ್ಲ.

ಈಗ ಯಾರಾದರೂ ಗ್ರಾಫ್ ತೋರಿಸಿ "ಇದರಿಂದಲೇ ಅದಾಯ್ತು" ಅಂದರೆ ನಾನು ಕೇಳೋದು ಎರಡೇ: ಮೂಲ ಫೈಲ್ ಎಲ್ಲಿದೆ? ಸಮಯ ಯಾವ ಗಡಿಯಾರದ್ದು? ಯಾರ ಮೇಲಾದರೂ ಬೆರಳು ತೋರಿಸೋ ಮುಂಚೆ ನೀವೂ ಕೇಳಿ.