ಕಾಲಿದ್ದಷ್ಟು ಹಾಸಿಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಲೋಣಾವಳಾದ ಹಳೆಯ ಮುಂಬಯಿ–ಪುಣೆ ಹೆದ್ದಾರಿಯ ಬದಿಯಲ್ಲಿ ನಿಂತರೆ ಒಂದು ಮೆರವಣಿಗೆಯನ್ನೇ ನೋಡಬಹುದು. ಎಕ್ಸ್‌ಪ್ರೆಸ್ ವೇ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಎರಡೂ ಮಹಾನಗರಗಳಿಂದ ಹೊರಟ ಬೈಕುಗಳು ನಮ್ಮ ಊರಿನ ನಡುವಿನಿಂದಲೇ ಹಾದುಹೋಗಬೇಕು. ಚಹಾ, ವಡಾಪಾವಿನ ಅಂಗಡಿಗಳ ಮುಂದೆ ಅವು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಸದ್ದಿನ ಬಗ್ಗೆ ಊರಿನವರಿಗೆ ತಕರಾರುಂಟು; ನಮಗೂ ಇತ್ತು. ಆದರೆ 2024ರ ಬೇಸಿಗೆಯಲ್ಲಿ ಎರಡು ತಿಂಗಳ ಕಾಲ ನಾವು ಪ್ರತಿ ಭಾನುವಾರ ತಪ್ಪದೆ ಅಲ್ಲಿಗೆ ಹೋಗಿ ಬೈಕು ಸವಾರರ ಮೊಣಕಾಲುಗಳನ್ನು ನೋಡುತ್ತ ನಿಂತೆವು.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಈ ಬರಹದಲ್ಲಿ ಕೈ ಒಬ್ಬರದು, ನೆನಪು ಇಬ್ಬರದು. ನಮ್ಮಲ್ಲಿ ಎತ್ತರದವರು ಆರಡಿ ಮೂರು ಅಂಗುಲ. ಗಿಡ್ಡವರು ಐದಡಿ ಒಂದು ಅಂಗುಲ. ಮದುವೆಯ ಫೋಟೋದಲ್ಲಿ ಛಾಯಾಗ್ರಾಹಕರು ಗಿಡ್ಡವರನ್ನು ಮಣೆಯ ಮೇಲೆ ನಿಲ್ಲಿಸಿದ್ದರು. ಉದ್ಯೋಗವು ನಮ್ಮನ್ನು ಧಾರವಾಡದಿಂದ ಈ ಸಹ್ಯಾದ್ರಿಯ ನೆತ್ತಿಗೆ ತಂದು ಹತ್ತೊಂಬತ್ತು ವರ್ಷಗಳಾದವು. ಅಂದಿನಿಂದ ಪ್ರತಿ ದಸರೆಗೆ ಬೈಕಿನ ಮೇಲೆಯೇ ಊರಿಗೆ ಹೋಗುವುದು ನಮ್ಮ ಮನೆಯ ಪದ್ಧತಿ. ಸುಮಾರು 500 ಕಿಲೋಮೀಟರಿನ ದಾರಿ. ರೈಲು, ಬಸ್ಸು ಎರಡೂ ಇರುವಾಗ ಇದೇನು ಹುಚ್ಚು ಎಂದು ಕೇಳಿದವರಿಗೆ ನಮ್ಮಲ್ಲಿ ಉತ್ತರವೊಂದಿತ್ತು: ಖಂಡೇನವಮಿಯ ದಿನ ಅಂಗಳದಲ್ಲಿ ಅಪ್ಪನ ಯೆಜ್ಡಿಯ ಪಕ್ಕದಲ್ಲಿ ನಮ್ಮ ಗಾಡಿಯೂ ನಿಂತು ಪೂಜೆ ಮಾಡಿಸಿಕೊಳ್ಳಬೇಕು.

ಆ ಯೆಜ್ಡಿಯ ಬಗ್ಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕನ್ನಡನಾಡಿನ ರಸ್ತೆಗಳಿಗೆ ಕೊಟ್ಟ ಸಾವಿರಾರು ಗಾಡಿಗಳಲ್ಲಿ ಅದೂ ಒಂದು. ಅಪ್ಪ ಅದನ್ನು 1984ರಲ್ಲಿ ಕೊಂಡರು. ಅವರೂ ಆರಡಿ ಮೀರಿದವರೇ. ಗಾಡಿಯ ಮೇಲೆ ಕುಳಿತರೆ ಮೊಣಕಾಲುಗಳು ಟ್ಯಾಂಕಿನ ಎರಡೂ ಬದಿಗೆ ಮಿಡತೆಯ ಕಾಲಿನಂತೆ ಹೊರಚಾಚುತ್ತಿದ್ದವು. ಓಣಿಯ ಹುಡುಗರು ನಗುತ್ತಿದ್ದರು. ಅಪ್ಪನೂ ನಕ್ಕು, "ಹಾಸಿಗೆ ಇದ್ದಷ್ಟ ಕಾಲು ಚಾಚಬೇಕಪಾ" ಎಂದು ಕಿಕ್ ಹೊಡೆಯುತ್ತಿದ್ದರು. ಆ ಮಾತಿನಲ್ಲಿ ಸಂಬಳದ ಲೆಕ್ಕವೂ ಇತ್ತು, ಕಾಲಿನ ಲೆಕ್ಕವೂ ಇತ್ತು.

ನಾವು ಆ ಗಾದೆಯನ್ನು ಆಸ್ತಿಯಂತೆ ಪಡೆದೆವು. ಎತ್ತರದವರಿಗೆ ಈ ಲೋಕದಲ್ಲಿ ಯಾವುದು ತಾನೇ ಸರಿಹೊಂದುತ್ತದೆ? ರೈಲಿನ ಬರ್ತು ಗಿಡ್ಡ, ಬಸ್ಸಿನ ಸೀಟು ಇಕ್ಕಟ್ಟು, ಹಳ್ಳಿಯ ಬಾಗಿಲು ಹಣೆಗೆ ಬಡಿಯುತ್ತದೆ. ಭಾರತೀಯ ಗಂಡಸರ ಸರಾಸರಿ ಎತ್ತರ ಐದೂವರೆ ಅಡಿಯ ಆಸುಪಾಸಿನದು. ತಯಾರಕರು ಬಹುಜನರನ್ನು ನೋಡಿ ಅಳತೆ ಹಾಕುವುದು ಸಹಜ. ಹೀಗೆಂದುಕೊಂಡು ನಮ್ಮ ಮೊದಲ ಬೈಕಿನ ಮೇಲೆ ಹದಿನಾಲ್ಕು ವರ್ಷ ಮಡಚಿಕೊಂಡೇ ತಿರುಗಿದೆವು. ಕೊನೆಯ ಕೆಲವು ವರ್ಷ ಕೊಲ್ಹಾಪುರ ಮುಟ್ಟುವಷ್ಟರಲ್ಲಿ ಎತ್ತರದವರು ಗಾಡಿಯಿಂದ ಇಳಿದು ನೆಟ್ಟಗೆ ನಿಲ್ಲಲು ಎರಡು ನಿಮಿಷ ಬೇಕಾಗುತ್ತಿತ್ತು. ಕಡೆಗೆ ಮೂಳೆ ವೈದ್ಯರು ಚಿತ್ರ ತೆಗೆಸಿ ನೋಡಿ, ಮಂಡಿಚಿಪ್ಪಿನ ಹಿಂದಿನ ಮೃದು ಎಲುಬು ಸವೆದಿದೆಯೆಂದರು. ಮೊಣಕಾಲು ಹೆಚ್ಚು ಮಡಚಿದಷ್ಟೂ ಚಿಪ್ಪಿನ ಮೇಲಿನ ಒತ್ತಡ ಹೆಚ್ಚುತ್ತದೆ, ಗಂಟೆಗಟ್ಟಲೆ ಹಾಗೆ ಕೂಡುವುದು ಸಲ್ಲದು ಎಂದು ವಿವರಿಸಿದರು. "ಬೈಕು ಬಿಡಬೇಕೆ?" ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಸರಳವಾಗಿತ್ತು: "ಮಡಚುವುದನ್ನು ಬಿಡಿ."

ಇಲ್ಲಿ ನಾವು ಮೊದಲ ತಪ್ಪು ಮಾಡಿದೆವು. ಕಾಲು ಚಾಚಿ ಕೂಡುವ ಗಾಡಿಯೆಂದರೆ ಕ್ರೂಸರ್ ತಾನೇ? ತಗ್ಗಾದ ಅಗಲ ಸೀಟು, ಮುಂದಕ್ಕೆ ಇಟ್ಟ ಫುಟ್‌ರೆಸ್ಟ್, ಆರಾಮಕುರ್ಚಿಯ ಠೀವಿ. ಮಾರುವವರೂ "ಸರ್, ನಿಮಗೆಂದೇ ಮಾಡಿದ್ದು" ಎಂದರು. ಅವರು ಮಾಡಿಸಿದ ಪರೀಕ್ಷಾ ಸವಾರಿ ಎರಡು ಕಿಲೋಮೀಟರಿನದು. ಅಷ್ಟು ದೂರದಲ್ಲಿ ಯಾವ ಗಾಡಿಯೂ ನೋಯಿಸುವುದಿಲ್ಲ. ಮೊಣಕಾಲಿನ ನೋವು ಕಡಿಮೆಯಾಯಿತೇನೋ ನಿಜ. ಆದರೆ ಪಾದಗಳು ಮುಂದೆ ಹೋದದ್ದರಿಂದ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ ಕುಳಿತಿತು. ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಹೊಡೆತ ತಪ್ಪಿಸಿಕೊಳ್ಳುವ ಉಪಾಯವೂ ಇಲ್ಲ. ಪ್ರತಿ ಗುಂಡಿಯೂ ನೇರವಾಗಿ ಬೆನ್ನುಹುರಿಗೆ ಪತ್ರ ಬರೆಯುತ್ತಿತ್ತು. ಆರು ತಿಂಗಳಲ್ಲಿ ನಷ್ಟಕ್ಕೆ ಮಾರಿದೆವು. ಆ ದಸರೆಗೆ ರೈಲಿನಲ್ಲಿ ಹೋದೆವು, ಅದರ ಮುಂದಿನ ದಸರೆಗೂ ರೈಲಿನಲ್ಲೇ. ಎರಡು ವರ್ಷವೂ ಅಂಗಳದಲ್ಲಿ ಯೆಜ್ಡಿ ಒಂಟಿಯಾಗಿ ನಿಂತಿತು. ಎತ್ತರದವರು ಅದರ ಬಗ್ಗೆ ಮಾತಾಡಲಿಲ್ಲ. ಗೇಟಿನ ಬಳಿ ಬೈಕಿನ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದರು, ಅಷ್ಟೆ.

ಮೊಣಕಾಲು ನೋಡುವ ನಮ್ಮ ಭಾನುವಾರಗಳು ಶುರುವಾದದ್ದು ಆಮೇಲೆ. ಮೊದಲ ವಾರ ದೂರದಿಂದ ನೋಡಿದೆವು. ಎರಡನೆಯ ವಾರ ಗಿಡ್ಡವರು ಹೊಲಿಗೆ ಯಂತ್ರದ ಡಬ್ಬಿಯಲ್ಲಿದ್ದ ಅಳತೆಯ ಟೇಪನ್ನು ಚೀಲದಲ್ಲಿ ಹಾಕಿಕೊಂಡರು. ಚಹಾ ಅಂಗಡಿಯ ಮುಂದೆ ನಿಂತ ಹುಡುಗರನ್ನು, ನಿಮ್ಮ ಗಾಡಿಯ ಮೇಲೆ ಒಂದು ಕ್ಷಣ ಕೂಡಬಹುದೇ ಎಂದು ಕೇಳುವುದಕ್ಕೆ ನಮಗೆ ಸಂಕೋಚ. ಅವರಿಗೆ ಅದೇನೂ ಇರಲಿಲ್ಲ. "ಕಾಕಾ, ಬಸಾ ನಾ!" ಎಂದು ತಾವೇ ಗಾಡಿ ಹಿಡಿದು ನಿಂತರು. ಐವತ್ತು ದಾಟಿದ ಕಾಕಾ ಒಂದೊಂದಾಗಿ ಗಾಡಿ ಹತ್ತುವುದು, ಕಾಕೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಟೇಪು ಹಿಡಿಯುವುದು ಕೆಲವು ವಾರಗಳಲ್ಲೇ ಆ ಅಂಗಡಿಯ ವಾಡಿಕೆಯ ನೋಟವಾಯಿತು.

ಅಲ್ಲಿ ನಮಗೆ ತಿಳಿದದ್ದು ಒಂದೇ ಸಂಗತಿ. ಈ ಬರಹದ ತಿರುಳೂ ಅದೇ. ಬೈಕಿನ ಕಾಗದದಲ್ಲಿ ಅಚ್ಚಾಗುವ ಸೀಟಿನ ಎತ್ತರವೆಂದರೆ ನೆಲದಿಂದ ಸೀಟಿಗಿರುವ ಅಂತರ. ಕಾಲು ನೆಲಕ್ಕೆ ಮುಟ್ಟುವುದೋ ಇಲ್ಲವೋ ಎಂಬ ಗಿಡ್ಡವರ ಚಿಂತೆಗೆ ಅದು ಉತ್ತರ. ಎತ್ತರದವರ ಮೊಣಕಾಲಿಗೆ ಬೇಕಾದದ್ದು ಸೀಟಿನಿಂದ ಫುಟ್‌ರೆಸ್ಟಿಗೆ ಇರುವ ಅಂತರ. ಮೊಣಕಾಲು ಎಷ್ಟು ಮಡಚುತ್ತದೆಂಬುದನ್ನು ಮುಖ್ಯವಾಗಿ ಅದೇ ನಿರ್ಧರಿಸುತ್ತದೆ. ನಾವು ನೋಡಿದ ಯಾವ ಕಾಗದದಲ್ಲೂ ಅದು ಇರಲಿಲ್ಲ. ನೆಲದಿಂದ ಬಹು ಎತ್ತರವಿರುವ ಗಾಡಿಯಲ್ಲಿ ಫುಟ್‌ರೆಸ್ಟನ್ನೂ ಕಲ್ಲಿಗೆ ತಾಕದಂತೆ ಮೇಲೇರಿಸಿರಬಹುದು. ಆಗ ಸೀಟು ಎತ್ತರವಿದ್ದರೂ ಕಾಲು ಮಡಚಿಯೇ ಇರುತ್ತದೆ. ಎತ್ತರದವರ ಮೊಣಕಾಲಿನಿಂದ ಹಿಮ್ಮಡಿಯವರೆಗೆ 57 ಸೆಂಟಿಮೀಟರ್. ನಾವು ಅಳೆದ ಗಾಡಿಗಳಲ್ಲಿ ಸೀಟು–ಫುಟ್‌ರೆಸ್ಟಿನ ಅಂತರ 46ರಿಂದ 54 ಸೆಂಟಿಮೀಟರಿನವರೆಗೆ ಇತ್ತು. ಆ ಎಂಟು ಸೆಂಟಿಮೀಟರಿನೊಳಗೆ ನಮ್ಮ ದಸರೆ ಅಡಗಿ ಕುಳಿತಿತ್ತು. "ಹೆಂಗಸರ ಬುದ್ಧಿ ಮೊಳಕಾಲ ಕೆಳಗೆ" ಎಂಬ ಹಳೆಯ ಗಾದೆಯನ್ನು ನಮ್ಮಲ್ಲಿ ಗಿಡ್ಡವರು ಆ ದಿನ ಮೊದಲ ಬಾರಿಗೆ ಹೊಗಳಿಕೆಯೆಂದು ಸ್ವೀಕರಿಸಿದರು.

ಉಳಿದ ಪಾಠಗಳು ಒಂದರ ಹಿಂದೆ ಒಂದು ಬಂದವು. ಸೀಟು ಏರಿದರೆ ಹ್ಯಾಂಡಲ್ ತಗ್ಗಾಗಿ ಕಾಣುತ್ತದೆ. ಉದ್ದನೆಯ ಮುಂಡದವರು ಬಾಗಬೇಕಾಗುತ್ತದೆ. ಭಾರ ಅಂಗೈಗೆ ಇಳಿಯುತ್ತದೆ. ಆಗ ಹ್ಯಾಂಡಲಿನ ಕೆಳಗೆ ದಿಂಡು ಕೊಟ್ಟು ಏರಿಸಬೇಕು, ಕ್ಲಚ್ ವಯರು ಮತ್ತು ಬ್ರೇಕಿನ ಕೊಳವೆ ಎಳೆಯದಷ್ಟು ಮಾತ್ರ. ಮುಂದಿನ ಗಾಜು ಗಿಡ್ಡ ಸವಾರನಿಗೆ ಗಾಳಿ ತಡೆಯುತ್ತದೆ. ಎತ್ತರದವನಿಗೆ ಅದೇ ಗಾಜಿನ ಅಂಚಿನಿಂದ ಸುಳಿಗಾಳಿ ಎದ್ದು ಹೆಲ್ಮೆಟ್ಟನ್ನು ಗಡಗಡನೆ ಅಲುಗಾಡಿಸುತ್ತದೆ. ಅರೆಬರೆ ಎತ್ತರದ ಗಾಜಿಗಿಂತ ಗಾಜೇ ಇಲ್ಲದಿರುವುದು ಕೆಲವೊಮ್ಮೆ ಮೇಲು. ಸೀಟು ಮುಂದಕ್ಕೆ ಇಳಿಜಾರಾಗಿದ್ದರೆ ಬ್ರೇಕು ಹಾಕಿದಾಗಲೆಲ್ಲ ಟ್ಯಾಂಕಿನ ಕಡೆಗೆ ಜಾರುತ್ತೇವೆ. ಗಳಿಸಿದ ಸೆಂಟಿಮೀಟರುಗಳು ಅಲ್ಲೇ ಕಳೆದುಹೋಗುತ್ತವೆ.

ನಮ್ಮ ಪಟ್ಟಿ ಕ್ರಮೇಣ ಸಣ್ಣದಾಯಿತು. ಮೀಟಿಯೊರ್ 350ರ ಸೀಟು ನೆಲದಿಂದ 765 ಮಿಲಿಮೀಟರ್. ಕ್ರೂಸರಿನ ಸಹವಾಸ ಸಾಕೆಂದು ಬಿಟ್ಟೆವು. ಹಳೆಯ ಹಿಮಾಲಯನ್ 411ರದು 800. ಮನಸ್ಸಿಗೆ ಹತ್ತಿರ, ಎತ್ತರದವರ ಮೊಣಕಾಲಿಗೆ ಸ್ವಲ್ಪ ದೂರ. ನಮ್ಮ ಊರಿಗೆ ಬಹುದೂರವಲ್ಲದ ಚಾಕಣದಲ್ಲಿ ತಯಾರಾಗುವ ಕೆಟಿಎಂ 390 ಅಡ್ವೆಂಚರ್‌ನದು ಆಗ 855 ಇತ್ತು. ಅದು ಎತ್ತರದವರಿಗೆ ಒಪ್ಪಿತು. ಹಿಂದಿನ ಸೀಟು ಗಿಡ್ಡವರಿಗೆ ಒಪ್ಪಲಿಲ್ಲ. 2023ರ ನವೆಂಬರಿನಲ್ಲಿ ಬಂದ ಹೊಸ ಹಿಮಾಲಯನ್ 450ರ ಸೀಟನ್ನು 825 ಅಥವಾ 845ಕ್ಕೆ ಹೊಂದಿಸಿಕೊಳ್ಳಬಹುದು. ಒಂದೇ ಗಾಡಿ ಎರಡು ಅಳತೆಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡಿದೆಯೆಂಬುದೇ ನಮಗೆ ದೊಡ್ಡ ಗೌರವವೆನ್ನಿಸಿತು.

ಆದರೆ ಕ್ರೂಸರಿನ ಎರಡು ಕಿಲೋಮೀಟರು ನೆನಪಿತ್ತು. ಪುಣೆಯ ಮಳಿಗೆಯಲ್ಲಿ ಎತ್ತರದವರು ಒಂದು ವಿಚಿತ್ರ ಬೇಡಿಕೆ ಇಟ್ಟರು: ನಿಂತ ಗಾಡಿಯ ಮೇಲೆ ಅರ್ಧ ಗಂಟೆ ಕೂಡುತ್ತೇನೆ. ಅವರು ಒಪ್ಪಿದರು. ಇವರು ಪತ್ರಿಕೆ ಓದುತ್ತ ಕುಳಿತರು, ಗಿಡ್ಡವರು ಹಿಂದೆ ಹತ್ತಿ ಕುಳಿತು ಅದೇ ಪತ್ರಿಕೆಯನ್ನು ಭುಜದ ಮೇಲಿನಿಂದ ಓದಲು ಯತ್ನಿಸಿದರು, ಕಾಣಿಸಲಿಲ್ಲ. ಸಿಬ್ಬಂದಿ ಚಹಾ ತಂದುಕೊಟ್ಟರು. ಆಮೇಲಿನ ಭಾನುವಾರ, ಅದೇ ಗಾಡಿ ಇಟ್ಟುಕೊಂಡಿದ್ದ ಚಹಾ ಅಂಗಡಿಯ ಗೆಳೆಯನೊಬ್ಬ ಶಿಂಗ್ರೋಬಾ ಗುಡಿಯ ಘಾಟಿನಲ್ಲಿ ಇಳಿದು ಹತ್ತಿ ಬರಲು ಕೀಲಿಕೈ ಕೊಟ್ಟ. ಬೋರಘಾಟಿನಲ್ಲಿ ದಾರಿ ಯಾವುದೆಂದು ತೋರಿಸಿಕೊಟ್ಟವನೆಂದು ಜನ ನಂಬುವ ಧನಗರ ಶಿಂಗ್ರೋಬಾನಿಗೆ ಕಟ್ಟಿದ ಗುಡಿ ಅದು. ದಾರಿ ಕೇಳಬೇಕಾದ ದೇವರು ಅವನೇ ಎಂದು ಅಲ್ಲಿ ನಿಂತು ಕೈಮುಗಿದೆವು. "ಹೆಂಗದ?" ಎಂದು ಕೇಳಿದ್ದಕ್ಕೆ ಎತ್ತರದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಣಕಾಲದ ನೆನಪs ಆಗಲಿಲ್ಲ" ಎಂದರು.

ಮೂರು ಲಕ್ಷ ದಾಟುವ ಮೊತ್ತ ನಮ್ಮಂಥವರಿಗೆ ಸಣ್ಣದಲ್ಲ. ಅಪ್ಪನ ಗಾದೆ ಮತ್ತೆ ಎದುರಿಗೆ ಬಂದು ನಿಂತಿತು. ಒಂದು ವಾರ ಲೆಕ್ಕ ಹಾಕಿದೆವು. ಮನೆಗೆ ಬಣ್ಣ ಹೊಡೆಸುವುದನ್ನು ಮುಂದಿನ ವರ್ಷಕ್ಕೆ ದೂಡಿದೆವು. ಲೋಣಾವಳಾದ ಮಳೆಗೆ ಹೊಸ ಬಣ್ಣವಾದರೂ ಎಷ್ಟು ದಿನ ಬಾಳೀತು? ಜೂನ್ ತಿಂಗಳಲ್ಲಿ ಗಾಡಿ ಮನೆಗೆ ಬಂತು. ಸೀಟನ್ನು 845ಕ್ಕೆ ಏರಿಸಿದೆವು. ಸೀಟು ಹೊಲಿಯುವವರೊಬ್ಬರ ಬಳಿ ಮುಂದಿನ ಇಳಿಜಾರು ತುಂಬಿಸಿ, ಎರಡು ಬೆರಳು ದಪ್ಪದ ಗಟ್ಟಿ ಫೋಮು ಹಾಕಿಸಿದೆವು. ಮೆತ್ತನೆಯ ಫೋಮು ಅಂಗಡಿಯಲ್ಲಿ ಹಿತ, ಗಂಟೆ ಕಳೆದಂತೆ ಕುಸಿದು ಹಲಗೆಯಾಗುತ್ತದೆಂದು ಎಚ್ಚರಿಸಿದವರು ಅವರೇ. ಹ್ಯಾಂಡಲನ್ನು ಒಂದು ಅಂಗುಲ ಏರಿಸಿದೆವು. ಗಿಡ್ಡವರ ಪಾಲಿಗೆ ಮಾತ್ರ ಹಿಂದಿನ ಸೀಟು ಈಗ ಕುದುರೆಯ ಬೆನ್ನು. ಅವರು ಎಡಗಡೆಯ ಫುಟ್‌ರೆಸ್ಟಿನ ಮೇಲೆ ಕಾಲಿಟ್ಟು, ಎತ್ತರದವರ ಭುಜ ಹಿಡಿದು, "ಹತ್ತಲೇನ್ರೀ?" ಎಂದು ಕೇಳಿಯೇ ಹತ್ತಬೇಕು. 196 ಕಿಲೋ ತೂಕದ ಗಾಡಿ ವಾಲಿದರೆ ಇಬ್ಬರಿಗೂ ಪಾಡಿಲ್ಲ. ಬೆನ್ನಿಗೆ ಒರಗು ಕೊಡಿಸುವ ಕರಾರಿನ ಮೇಲೆ ಗಿಡ್ಡವರು ಒಪ್ಪಿದರು.

ದಸರೆಗೆ ಎರಡು ದಿನ ಮುಂಚೆ ಬೆಳಿಗ್ಗೆ ಐದಕ್ಕೆ ಹೊರಟೆವು. ಎಂಬತ್ತು ಕಿಲೋಮೀಟರಿಗೊಮ್ಮೆ ನಿಲ್ಲುವುದೆಂದು ಮೊದಲೇ ತೀರ್ಮಾನಿಸಿದ್ದೆವು. ಎಷ್ಟು ಒಳ್ಳೆಯ ಸೀಟೂ ನಡಿಗೆಗೆ ಸಮನಲ್ಲ. ಪುಣೆ, ಖಂಬಾಟಕಿ ಘಾಟು, ಸಾತಾರಾ, ಕರಾಡ. ಕೊಲ್ಹಾಪುರದಲ್ಲಿ ಗಾಡಿ ನಿಲ್ಲಿಸಿದಾಗ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಎತ್ತರದವರು ಕಾಲೆತ್ತಿ ಇಳಿದರು, ನೆಟ್ಟಗೆ ನಿಂತರು, ನೇರವಾಗಿ ಚಹಾದ ಅಂಗಡಿಗೆ ನಡೆದರು. ನಿಪ್ಪಾಣಿಯ ಹತ್ತಿರ ಕನ್ನಡದ ಫಲಕಗಳು ಶುರುವಾದವು. ಹೊರನಾಡಿನವರು ಆ ಮೊದಲ ಫಲಕವನ್ನು ಹೇಗೆ ಓದುತ್ತಾರೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಧಾರವಾಡದ ಅಂಗಳದಲ್ಲಿದ್ದೆವು.

ಖಂಡೇನವಮಿಯ ಬೆಳಿಗ್ಗೆ ಎರಡೂ ಗಾಡಿಗಳನ್ನು ತೊಳೆದೆವು. ಯೆಜ್ಡಿಯನ್ನು ಒರೆಸುತ್ತಿದ್ದಾಗ ಗಿಡ್ಡವರು ಅಭ್ಯಾಸಬಲದಿಂದ ಟೇಪು ತೆಗೆದು ಸೀಟಿನಿಂದ ಫುಟ್‌ರೆಸ್ಟಿಗೆ ಹಿಡಿದರು. 48. ಇಪ್ಪತ್ತೊಂದು ವರ್ಷ ಅಪ್ಪ ಅದರ ಮೇಲೆ ಕುಳಿತಿದ್ದರು; ಕಡೆಯ ದಿನಗಳಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ಚೆಂಡುಹೂವಿನ ಮಾಲೆ ಹಿಡಿದು ಬಂದ ಅವ್ವ, ಏನು ಅಳೆಯುತ್ತಿದ್ದೀರೆಂದು ಕೇಳಿದರು. ವಿವರಿಸಿದೆವು. ಅವರು ಯೆಜ್ಡಿಯ ಸೀಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು.

"ನೋಯತಾವು ಅಂತ ಒಂದ ದಿನಾನೂ ಬಾಯಿ ಬಿಟ್ಟು ಹೇಳಲಿಲ್ಲ ನೋಡ್ರಿ ಅವರು," ಎಂದರು ಅವ್ವ. "ಹೇಳಿದ್ರ, ಸೀಟು ಹೊಲಿಯಾಂವ ನಮ್ಮ ಓಣ್ಯಾಗs ಇದ್ದ."